ಹೆಗಲ ಮೇಲಿನ ಹೆಣಕ್ಕೆ ತೂಕ ಕೊಟ್ಟವರು

ಚಂದಮಾಮದ ವಿಕ್ರಮ–ಬೇತಾಳ ಚಿತ್ರ ನೋಡದವರು ನಮ್ಮ ಕಡೆ ಐವತ್ತು ದಾಟಿದವರಲ್ಲಿ ಸಿಗುವುದು ಕಷ್ಟ. ಸ್ಮಶಾನದ ಕತ್ತಲಲ್ಲಿ ರಾಜ ಬೀಸುಹೆಜ್ಜೆ ಹಾಕಿ ಬರುತ್ತಿದ್ದಾನೆ. ಒಂದು ಹೆಗಲ ಮೇಲೆ ಹೆಣ, ಇನ್ನೊಂದು ಕೈಯಲ್ಲಿ ಬಿಚ್ಚುಗತ್ತಿ. ಇಷ್ಟು ಎಲ್ಲರಿಗೂ ನೆನಪಿದೆ. ಈ ವಾರ ನನ್ನ ಕೋರಿಕೆ ಏನೆಂದರೆ, ರಾಜನ ಮುಖ ಬಿಡಿ, ಬೇತಾಳದ ಇಳಿಬಿದ್ದ ಕೂದಲನ್ನೂ ಬಿಡಿ. ಅವನ ಹೆಗಲು, ಸೊಂಟ, ಪಾದ ಇಷ್ಟನ್ನೇ ನೋಡಿ. ಆ ಹೆಣಕ್ಕೆ ತೂಕವಿದೆ. ಅದನ್ನು ಹೊತ್ತ ಮೈ ನಿಜವಾಗಿಯೂ ಹೊರುತ್ತಿದೆ.

ಚನ್ನಗಿರಿಯಲ್ಲಿ ಅಡಿಕೆ ಚೀಲ ಹೊರುವ ಹಮಾಲರನ್ನು ನಿತ್ಯ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಹೆಗಲಿಗೆ ಬಿದ್ದ ಕೂಡಲೇ ಮೈ ಒಂದು ಕಡೆಗೆ ವಾಲುತ್ತದೆ, ಸೊಂಟ ಎದುರು ದಿಕ್ಕಿಗೆ ಸರಿಯುತ್ತದೆ, ಖಾಲಿ ಕೈ ತಾನಾಗಿ ಹೊರಕ್ಕೆ ಚಾಚಿಕೊಳ್ಳುತ್ತದೆ. ವಿಕ್ರಮನ ಕತ್ತಿ ಹಿಡಿದ ಕೈ ಇರುವುದೂ ಹಾಗೆಯೇ. ನಾವು ಅದನ್ನು ಶೌರ್ಯದ ಭಂಗಿ ಎಂದು ನೋಡುತ್ತೇವೆ. ಶೌರ್ಯ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕೈ ಅಲ್ಲಿಲ್ಲದಿದ್ದರೆ ರಾಜ ಮುಗ್ಗರಿಸುತ್ತಿದ್ದ. ಹೊರುವವನ ಕಷ್ಟ ಗೊತ್ತಿರುವ ಕೈ ಬರೆದ ಚಿತ್ರ ಅದು.

ಆ ಕೈ ಶಂಕರ್ ಅವರದು. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1924ರಲ್ಲಿ ಈರೋಡಿನ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಮದರಾಸಿನ ಕಲಾಶಾಲೆಯಲ್ಲಿ ಓದಿ, ಕಲೈಮಗಳ್ ಎಂಬ ತಮಿಳು ಪತ್ರಿಕೆಗೆ ಚಿತ್ರ ಬರೆದು, 1950ರ ದಶಕದ ಆರಂಭದಲ್ಲಿ ಚಂದಮಾಮಕ್ಕೆ ಬಂದರು. ಬಂದವರು ಪತ್ರಿಕೆಯ ಕೊನೆಯ ದಿನಗಳವರೆಗೂ ಅಲ್ಲೇ ಉಳಿದರು. ಸುಮಾರು ಅರವತ್ತು ವರ್ಷ ಒಂದೇ ಪತ್ರಿಕೆ, ಒಂದೇ ಕಸುಬು. 2020ರ ಸೆಪ್ಟೆಂಬರಿನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ. ಬದುಕಿದ್ದಾಗಲೇ ಬರಬೇಕಿತ್ತು.

ಅವರು ಓದುವ ಕಾಲಕ್ಕೆ ಮದರಾಸಿನ ಆ ಕಲಾಶಾಲೆಗೆ ಪ್ರಾಂಶುಪಾಲರಾಗಿದ್ದವರು ಶಿಲ್ಪಿ ದೇವಿಪ್ರಸಾದ್ ರಾಯ್ ಚೌಧರಿ. ಚೆನ್ನೈನ ಮರೀನಾ ಬೀಚಿಗೆ ಹೋದವರು ರಾಯ್ ಚೌಧರಿಯವರ ಕೆಲಸವನ್ನು ಹೆಸರು ತಿಳಿಯದೆಯೇ ನೋಡಿರುತ್ತಾರೆ. ನಾಲ್ವರು ಕೂಲಿಕಾರರು ಒಂದು ಬಂಡೆಯನ್ನು ಮೀಟುತ್ತಿರುವ ಕಂಚಿನ ಶಿಲ್ಪ, 1959ರಲ್ಲಿ ಅಲ್ಲಿ ನಿಂತದ್ದು. ಬಂಡೆ ಇನ್ನೂ ಅಲುಗಾಡಿಲ್ಲ, ನಾಲ್ಕು ಬೆನ್ನುಗಳು ಬಿಲ್ಲಾಗಿವೆ. ಈ ಶಿಲ್ಪವನ್ನೂ ವಿಕ್ರಮನನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಬಹಳ ಇಷ್ಟ. ಗುರು–ಶಿಷ್ಯ ಪರಂಪರೆ ಎಂದು ದೊಡ್ಡ ಮಾತಾಡಲು ಹೋಗುವುದಿಲ್ಲ. ಆದರೆ ದುಡಿಯುವ ಮೈಯನ್ನು ನೋಡಿ ಕಲಿಯಬೇಕು ಎಂಬ ಗಾಳಿ ಆ ಶಾಲೆಯಲ್ಲಿ ಬೀಸುತ್ತಿತ್ತು ಎನ್ನುವುದಕ್ಕೆ ಎರಡೂ ಸಾಕ್ಷಿ.

ಶಂಕರ್ ಚಿತ್ರಗಳಲ್ಲಿ ವಿವರ ಜಾಸ್ತಿ ಎಂದು ಎಲ್ಲರೂ ಹೊಗಳುತ್ತಾರೆ. ಒಡವೆ, ಕಂಬ, ಗೋಪುರ, ರಥ, ಸೈನ್ಯ, ಒಂದೊಂದನ್ನೂ ಬಿಡದೆ ಬರೆಯುತ್ತಿದ್ದರು, ನಿಜ. ಆದರೆ ವಿವರ ತುಂಬುವುದೇ ದೊಡ್ಡಸ್ತಿಕೆಯಲ್ಲ. ಕ್ಯಾಲೆಂಡರಿನ ಚಿತ್ರದಲ್ಲೂ ಒಡವೆ ಬೇಕಾದಷ್ಟು ಇರುತ್ತದೆ. ಶಂಕರ್ ಅವರಲ್ಲಿ ವಿವರ ಎಂದರೆ ಬಳಕೆಯ ವಿವರ. ಹಗ್ಗವಿದ್ದರೆ ಅದು ಎಲ್ಲೋ ಬಿಗಿದಿರುತ್ತದೆ. ಮುಂಡಾಸಿದ್ದರೆ ಅದರ ತುದಿ ಎಲ್ಲಿ ಸಿಕ್ಕಿಸಿದೆ ಎಂಬುದು ಕಾಣುತ್ತದೆ. ಮುದುಕನ ಕೈಯ ಊರುಗೋಲು ಅವನ ಭಾರವನ್ನು ನೆಲಕ್ಕೆ ದಾಟಿಸುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಹೋರಿಯ ಕುತ್ತಿಗೆ ಚೆನ್ನಾಗಿ ಗೊತ್ತು. ಹಗ್ಗ ಜಗ್ಗಿದಾಗ ಅದು ಯಾವ ಕಡೆ ಉಬ್ಬುತ್ತದೆ, ಮುಂಗಾಲು ಎಲ್ಲಿ ಊರುತ್ತದೆ ಎಂದು ಹಬ್ಬದಲ್ಲಿ ಹೋರಿ ನೋಡಿ ಬೆಳೆದ ಹುಡುಗರೂ ಹೇಳುತ್ತಾರೆ. ಅಂಥವರ ಎದುರು ಶಂಕರ್ ಬರೆದ ಎತ್ತು, ಕುದುರೆಗಳನ್ನಿಡಿ. ಅವರು ತಲೆದೂಗಿದರೆ ವಿಮರ್ಶಕರ ಸರ್ಟಿಫಿಕೇಟು ಬೇಡ.

ಇಷ್ಟು ವಿವರ ಯಾಕೆ ಬೇಕಾಯಿತು? ಕಾರಣ ಪತ್ರಿಕೆಯ ಒಳಗೇ ಇದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಚಂದಮಾಮವನ್ನು ತೆಲುಗು, ತಮಿಳಿನಲ್ಲಿ ಶುರುಮಾಡಿದರು. ಕನ್ನಡಕ್ಕೆ ಅದು 1949ರಲ್ಲಿ ಬಂತು. ಆಮೇಲೆ ಒಂದೊಂದಾಗಿ ಹತ್ತಕ್ಕೂ ಹೆಚ್ಚು ಭಾಷೆಗಳಾದವು. ಮಾತು ಭಾಷೆಗೊಂದಾಗಿ ಬದಲಾಗುತ್ತಿತ್ತು, ಚಿತ್ರ ಮಾತ್ರ ಎಲ್ಲ ಭಾಷೆಗೂ ಒಂದೇ. ಜಗಳೂರಿನ ಹುಡುಗಿ ನೋಡಿದ ಚಿತ್ರವನ್ನೇ ಒಡಿಶಾದ ಹುಡುಗ ನೋಡಬೇಕು, ಇಬ್ಬರಿಗೂ ಅದು ತಮ್ಮ ಊರಿನ ಕಥೆ ಅನ್ನಿಸಬೇಕು. ಹಾಗಿರುವಾಗ ಕಲಾವಿದ ಬರೆವಣಿಗೆಯನ್ನು ನೆಚ್ಚಿ ಕೂರುವಂತಿಲ್ಲ. ಚಿತ್ರದೊಳಗಿನ ಜನ ಏನು ಮಾಡುತ್ತಿದ್ದಾರೆಂಬುದು ಚಿತ್ರದಿಂದಲೇ ತಿಳಿಯಬೇಕು. ಅಕ್ಷರ ಬಾರದ ಅಜ್ಜಿಯರು ಮೊಮ್ಮಕ್ಕಳ ಪಕ್ಕ ಕೂತು ಪುಟ ತಿರುವಿ, ಬರೀ ಚಿತ್ರ ನೋಡಿಯೇ ಕಥೆ ಕಟ್ಟಿ ಹೇಳುತ್ತಿದ್ದುದನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ. ಅವರು ಹೇಳಿದ ಕಥೆ ಅಚ್ಚಾದ ಕಥೆಗಿಂತ ಹೆಚ್ಚು ದೂರವೇನೂ ಹೋಗುತ್ತಿರಲಿಲ್ಲ.

ಗೆರೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಅತ್ಯಂತ ಪ್ರಿಯವಾದ ಭಾಗ, ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಆ ಕಾಲದಲ್ಲಿ ಗೆರೆಚಿತ್ರ ಅಚ್ಚಾಗಬೇಕಾದರೆ ಅದರ ಫೋಟೊ ತೆಗೆದು, ಸತುವಿನ ತಗಡಿನ ಮೇಲೆ ಕೊರೆಸಿ ಬ್ಲಾಕ್ ಮಾಡಿಸುತ್ತಿದ್ದರು. ಬ್ಲಾಕಿಗೆ ಗೊತ್ತಿರುವುದು ಕಪ್ಪು ಮತ್ತು ಬಿಳಿ ಮಾತ್ರ, ನಡುವಿನ ಬೂದು ಅದಕ್ಕೆ ತಿಳಿಯದು. ಬೂದು ಬೇಕೆಂದರೆ ಕಲಾವಿದ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದು ಕಣ್ಣಿಗೆ ಬೂದು ಕಾಣಿಸಬೇಕು. ಗೆರೆಗಳು ತೀರ ಹತ್ತಿರವಾದರೆ ಅಗ್ಗದ ಕಾಗದದ ಮೇಲೆ ಮಸಿ ಹರಡಿ ಎಲ್ಲ ಸೇರಿ ಕಪ್ಪು ಮುದ್ದೆಯಾಗುತ್ತದೆ. ದೂರವಾದರೆ ನೆರಳು ನೆರಳಾಗುವುದಿಲ್ಲ, ಗೀಚಿದ ಹಾಗೆ ಕಾಣುತ್ತದೆ. ಈ ಎರಡರ ನಡುವಿನ ಕೂದಲೆಳೆಯ ಅಳತೆಯನ್ನು ಶಂಕರ್ ಕಣ್ಣಳತೆಯಲ್ಲೇ ಹಿಡಿದಿದ್ದರು.

ಹಳೆಯ ಸಂಚಿಕೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಟ್ಟೆಯ ಮೇಲಿನ ಗೆರೆ ಮಡಿಕೆಯ ಜೊತೆ ಬಾಗುತ್ತದೆ. ತೋಳಿನ ಮೇಲಿನ ಗೆರೆ ತೋಳನ್ನು ಸುತ್ತಿ ಹೋಗುತ್ತದೆ. ಕಲ್ಲಿನ ಮೇಲಿನ ಗೆರೆ ನೆಟ್ಟಗೆ ಇಳಿದು ಥಟ್ಟನೆ ತುಂಡಾಗುತ್ತದೆ. ಒಂದೇ ಶಾಯಿ ಮೂರು ಪದಾರ್ಥವಾಗುವುದು ಹೀಗೆ. ಬರೀ ನೆರಳಿಗಾಗಿ ಎಳೆದ ಗೆರೆ ಅವರಲ್ಲಿ ಕಡಿಮೆ. ಪ್ರತಿ ಗೆರೆಯೂ ತಾನು ಯಾವುದರ ಮೇಲೆ ಬಿದ್ದಿದ್ದೇನೆ ಎಂದು ಹೇಳುತ್ತದೆ. ಇನ್ನೂ ಒಂದು ಸಂಗತಿ. ಇಷ್ಟೆಲ್ಲ ಗೆರೆ ತುಂಬಿದ ಮೇಲೂ ಮುಖವನ್ನು ಅವರು ಆದಷ್ಟು ಬಿಳಿಯಾಗಿ ಬಿಡುತ್ತಾರೆ. ಎರಡು ಹುಬ್ಬು, ಒಂದು ಮೀಸೆ, ತುಟಿಯ ಕೊನೆಗೊಂದು ಚುಕ್ಕೆ. ಸುತ್ತಲ ದಟ್ಟಣೆಯಲ್ಲಿ ಕಣ್ಣು ತಾನಾಗಿಯೇ ಆ ಬಿಳಿಗೆ ಹೋಗಿ ನಿಲ್ಲುತ್ತದೆ.

ಕಟ್ಟಡಗಳನ್ನು ನೋಡಬೇಕಾದರೆ ಚನ್ನಗಿರಿ ತಾಲ್ಲೂಕಿನವರು ಮೊದಲು ಸಂತೇಬೆನ್ನೂರಿಗೆ ಹೋಗಿ ಬರಲಿ. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಆ ಪುಷ್ಕರಣಿಯ ಮೆಟ್ಟಿಲ ಮೇಲೆ ಬೆಳಿಗ್ಗೆ ಕೂತು, ನಡುನೀರಿನ ವಸಂತ ಮಂಟಪವನ್ನು ಒಂದು ಕಾಗದದಲ್ಲಿ ಬರೆಯಲು ನೋಡಲಿ. ಅಂತಸ್ತಿನ ಮೇಲೆ ಅಂತಸ್ತು, ಕಮಾನು, ಹೊರಚಾಚಿದ ಸಜ್ಜೆ, ಕೆಳಗೆ ನೀರಿನಲ್ಲಿ ಮತ್ತೆ ಅದೇ ತಲೆಕೆಳಗಾಗಿ. ಹೊಸಬರು ಶಿಖರದಿಂದ ಶುರುಮಾಡಿ ಒಂದೊಂದೇ ಅಲಂಕಾರ ಬರೆಯುತ್ತಾ ಇಳಿದು, ಕೆಳಗೆ ಬರುವಷ್ಟರಲ್ಲಿ ಮಂಟಪವನ್ನು ಓರೆ ಮಾಡಿರುತ್ತಾರೆ. ಶಂಕರ್ ಬರೆದ ಗುಡಿ, ಅರಮನೆಗಳನ್ನು ಗಮನಿಸಿ. ಮೇಲಿನ ಭಾರವನ್ನು ಕೆಳಗಿನ ಕಂಬ ಹೊತ್ತಿದೆ ಎಂಬುದು ಮೊದಲು ಕಾಣುತ್ತದೆ, ಕೆತ್ತನೆ ಆಮೇಲೆ ಕಾಣುತ್ತದೆ. ಬೋದಿಗೆ ತೊಲೆಯನ್ನು ಹಿಡಿದಿರುತ್ತದೆ, ಮೆಟ್ಟಿಲು ಹತ್ತುವಷ್ಟೇ ಎತ್ತರವಿರುತ್ತದೆ. ವಿಕ್ರಮ ಹೆಣ ಹೊತ್ತ ಹಾಗೆ ಕಂಬ ಸೂರನ್ನು ಹೊತ್ತಿದೆ. ಇವರ ಕಲೆಯ ಗುಟ್ಟು ಇದೊಂದೇ ಎಂದು ನನ್ನ ಎಣಿಕೆ. ಯಾವುದನ್ನು ಯಾವುದು ಹೊತ್ತಿದೆ ಎಂದು ತಿಳಿಯದೆ ಅವರು ಕುಂಚ ಎತ್ತುತ್ತಿರಲಿಲ್ಲ.

ಚಂದಮಾಮದಲ್ಲಿ ಶಂಕರ್ ಒಬ್ಬರೇ ಇರಲಿಲ್ಲ. 'ಚಿತ್ರಾ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಟಿ. ರಾಘವನ್ ಶಾಲೆಯಲ್ಲಿ ಕಲಿಯದೆ ತಾವೇ ಕಲಿತವರು. ಕಾಡು, ರಾಕ್ಷಸ, ವಿಚಿತ್ರ ಪ್ರಾಣಿ, ಹಡಗು, ದ್ವೀಪ ಎಂದರೆ ಅವರಿಗೆ ಸಮ ಇಲ್ಲ. ಧಾರಾವಾಹಿಗಳ ರೋಮಾಂಚನ ಅರ್ಧ ಅವರ ಕೈಯದು, ಬೇತಾಳ ಕಥೆಗಳಿಗೂ ಮೊದಮೊದಲು ಅವರೇ ಬರೆಯುತ್ತಿದ್ದರು. ವಡ್ಡಾದಿ ಪಾಪಯ್ಯನವರ ಮುಖಪುಟಗಳಲ್ಲಿ ಬಣ್ಣವೇ ರಾಗ ಹಾಡುತ್ತದೆ. ನಮ್ಮ ಕನ್ನಡದ ಎಂ.ಟಿ.ವಿ. ಆಚಾರ್ಯ ಬರೆದ ಮಹಾಭಾರತದ ಮುಖಪುಟಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರಿದ್ದರು. ಆಚಾರ್ಯರ ಬಗ್ಗೆ ಒಂದು ಇಡೀ ವಾರ ಬರೆಯುವುದು ಬಾಕಿ ಇದೆ. ಅವರ ಭೀಷ್ಮ, ಕರ್ಣರು ರಂಗದ ಮೇಲೆ ಬೆಳಕಿಗೆ ನಿಂತವರ ಹಾಗೆ ಘನವಾಗಿ ನಿಲ್ಲುತ್ತಾರೆ. ಶಂಕರ್ ಅವರ ಜನ ನಿಲ್ಲುವುದು ಕಡಿಮೆ. ಏನನ್ನೋ ಎತ್ತುತ್ತಿರುತ್ತಾರೆ, ಎಳೆಯುತ್ತಿರುತ್ತಾರೆ, ಕಟ್ಟುತ್ತಿರುತ್ತಾರೆ. ಘನತೆಗೆ ಆಚಾರ್ಯ, ಬೆರಗಿಗೆ ಚಿತ್ರಾ, ಚೆಲುವಿಗೆ ಪಾಪಯ್ಯ. ಆದರೆ ಕಥೆಯ ಊರಿಗೆ ಹೋಗಿ ವಾಸ ಮಾಡಬೇಕೆನ್ನಿಸಿದರೆ ನಾನು ಶಂಕರ್ ಅವರ ಪುಟಕ್ಕೇ ಹೋಗುತ್ತೇನೆ.

ಮೆಚ್ಚಿದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಿಲ್ಲ. ಅವರ ರಾಜರ ಕಿರೀಟಗಳು ಒಂದೇ ಅಚ್ಚಿನವು, ಕಥೆ ಕಾಶಿಯಲ್ಲಿ ನಡೆದರೂ ಗೋಪುರ ತಮಿಳುನಾಡಿನದು. ಒಳಪುಟಗಳಿಗೂ ಬಣ್ಣ ತುಂಬಿಕೊಂಡ ಮೇಲಿನ ವರ್ಷಗಳಲ್ಲಿ ಗೆರೆ ಮಾಡುತ್ತಿದ್ದ ಕೆಲಸವನ್ನು ಬಣ್ಣ ಕಸಿದುಕೊಂಡಿತು ಎಂದು ನನಗೆ ಅನ್ನಿಸುತ್ತದೆ. ನೀಲಿ ಆಕಾಶ ಸಿಕ್ಕಿತು, ಮಡಿಕೆಯ ಜೊತೆ ಬಾಗುವ ಗೆರೆ ಕಡಿಮೆಯಾಯಿತು. ಹಾಗಾಗಿ ಅವರ ಕೆಲಸವನ್ನು ಹೊಸದಾಗಿ ನೋಡುವವರಿಗೆ 1960 ಮತ್ತು 70ರ ದಶಕಗಳ ಸಂಚಿಕೆಗಳನ್ನು ಮೊದಲು ತೋರಿಸಿ ಎನ್ನುತ್ತೇನೆ. ದಾವಣಗೆರೆಯಲ್ಲಿ 1964ರಿಂದ ನಡೆದುಬಂದ ದೃಶ್ಯಕಲಾ ಕಾಲೇಜಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಕ್ಕಳೂ ಅಲ್ಲಿ ಕಲಿಯಲು ಹೋಗುತ್ತಾರೆ. ಯುರೋಪಿನ ದೊಡ್ಡ ದೊಡ್ಡವರ ರೇಖಾಚಿತ್ರ ನಕಲು ಮಾಡಿ ಕಲಿಯುವ ಅವರಿಗೆ ಶಂಕರ್ ಅವರ ಒಂದು ಪುಟವನ್ನೂ ಗೆರೆ ಗೆರೆಯಾಗಿ ನಕಲು ಮಾಡಿಸಿದರೆ, ಕೈ ಪಳಗುವುದರ ಜೊತೆಗೆ ನಮ್ಮ ಪಂಚೆ ಹೇಗೆ ಮಡಿಕೆ ಬೀಳುತ್ತದೆ ಎಂಬುದೂ ಗೊತ್ತಾಗುತ್ತದೆ.

ಚಂದಮಾಮ 2012–13ರ ಹೊತ್ತಿಗೆ ನಿಂತಿತು. ಈಗ ಉಳಿದಿರುವುದು ಮನೆಗಳ ಅಟ್ಟದ ಮೇಲೆ, ಹಳೆಯ ಶಾಲೆಗಳ ಬೀರುವಿನಲ್ಲಿ, ಸಂತೆ ದಿನ ಹಳೆ ಪೇಪರ್ ಕೊಳ್ಳುವವರ ತಕ್ಕಡಿಯಲ್ಲಿ. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ನಾನು ಹುಡುಕಿ ತಂದ ಸಂಪುಟಗಳೆಲ್ಲ ವರ್ಷಕ್ಕೊಂದರಂತೆ ಬೈಂಡ್ ಆದವು. ಬೈಂಡ್ ಮಾಡಿಸಿದವರ ಅಕ್ಕರೆ ದೊಡ್ಡದು, ಅದರಿಂದಲೇ ಅವು ಉಳಿದಿವೆ. ಆದರೆ ಬೈಂಡ್ ಮಾಡುವಾಗ ಮೂರೂ ಅಂಚು ಸಮ ಮಾಡಲು ಕತ್ತರಿಸುತ್ತಾರೆ. ಅಲ್ಲಿ ಹೋಗುವುದು ಬಿಳಿ ಕಾಗದ ಮಾತ್ರವಲ್ಲ. ಶಂಕರ್ ಚಿತ್ರದ ಅಂಚಿನವರೆಗೂ ಬರೆಯುವವರು. ಬಾಗಿಲ ಸಂದಿಯಲ್ಲಿ ಇಣುಕುವ ಮಗು, ಅರ್ಧ ಕಾಣುವ ನಾಯಿ, ಮೂಲೆಯ ಸಹಿ ಇಂಥವು ಬ್ಲೇಡಿಗೆ ಸಿಕ್ಕಿ ಹೋಗಿವೆ. ಜಗಳೂರಿನ ಕಡೆ ಗಾಳಿ ಒಣಗಿದ್ದು, ಅಲ್ಲಿಯ ಪ್ರತಿಗಳಿಗೆ ಬೂಸಲು ಕಡಿಮೆ. ಆದರೆ ಕಾಗದ ಹಪ್ಪಳದಂತೆ ಗರಿಗರಿಯಾಗಿ ಮಡಿಸಿದಲ್ಲಿ ಮುರಿಯುತ್ತದೆ.

ನಿಮ್ಮ ಮನೆಯಲ್ಲಿ ಬಿಡಿ ಸಂಚಿಕೆಗಳಿದ್ದರೆ ಇನ್ನು ಬೈಂಡ್ ಮಾಡಿಸಬೇಡಿ, ಮಾಡಿಸಲೇಬೇಕೆಂದರೆ ಅಂಚು ಕತ್ತರಿಸಬಾರದೆಂದು ಮೊದಲೇ ಹೇಳಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಗೆರೆಯೊಳಕ್ಕೆ ಇಳಿಯುತ್ತದೆ. ತೆಳುವಾದ ಕಾಗದವನ್ನು ಮೈದಾ ಅಂಟಿನಲ್ಲಿ ಹಿಂಬದಿಗೆ ಹಚ್ಚಿದರೆ ಸಾಕು. ಬಿಸಿಲು ತಾಗದ ಕಡೆ, ಹತ್ತಿ ಬಟ್ಟೆಯಲ್ಲಿ ಸುತ್ತಿ, ನಿಲ್ಲಿಸದೆ ಮಲಗಿಸಿ ಇಡಿ. ಬೇತಾಳ ಕಥೆ ಇರುವ ಪುಟಗಳ ಫೋಟೊವನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ, ಪುಟದ ನಾಲ್ಕೂ ಮೂಲೆ ಬರುವ ಹಾಗೆ ತೆಗೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ ನೋಡಲು ಕೂತಾಗ ಮಕ್ಕಳನ್ನೂ ಪಕ್ಕಕ್ಕೆ ಕರೆಯಿರಿ, ರಾಜನ ಹೆಗಲಿನಿಂದ ಶುರುಮಾಡಿ.