ನಡುವಿನ ಕಾಲಂಗೆ ಲಗಾಮು

ಈ ವಾರ, ತಂಡದ ಕೆಲಸಗಳನ್ನು ಬೋರ್ಡಿನ ಮೇಲೆ ಕಾರ್ಡ್‌ಗಳಾಗಿ ಜೋಡಿಸಿಡುವ ಜಿರಾ ಮತ್ತು ಟ್ರೆಲೊಗಳನ್ನು ಎದುರುಬದುರು ಇಟ್ಟು ತೂಗುತ್ತೇನೆ ಎಂದಿದ್ದೆ. ಈಗ ಎರಡೂ ಒಂದೇ ಮನೆಯವು. ಜಿರಾ ಮೊದಲಿನಿಂದಲೂ ಅಟ್ಲಾಸಿಯನ್ ಕಂಪನಿಯದು, ಟ್ರೆಲೊವನ್ನು ಅದು 2017ರಲ್ಲಿ ಕೊಂಡುಕೊಂಡಿತು. ಯಾವುದನ್ನು ಹಿಡಿದರೂ ತಂಡ ಕುಂಟುವುದು ಒಂದೇ ಜಾಗದಲ್ಲಿ, ಬೋರ್ಡಿನ ನಡುವಿನ ‘ನಡೆಯುತ್ತಿದೆ’ ಕಾಲಂನಲ್ಲಿ. ಹಾಗಾಗಿ ತೂಕದ ಮಾತು ಪಕ್ಕಕ್ಕಿರಲಿ.

ಕೊಡಗಿನ ಬಾಳೆಲೆಯಲ್ಲಿ ಕುಳಿತು ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಆ ಕಾಲಂನ ತೊಡಕು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹಿಂದೆಯೇ ಹೋಗುತ್ತದೆ, ಬೆಳಗಿನ ಸ್ಟ್ಯಾಂಡಪ್ ತಪ್ಪುತ್ತದೆ. ಆಗ ನಮ್ಮ ಪರವಾಗಿ ಮಾತಾಡುವುದು ಕಾರ್ಡ್ ಮಾತ್ರ. ‘ಶೇ. 80 ಆಗಿದೆ’ ಎಂದು ಬರೆದಿಟ್ಟರೆ ಯಾರಿಗೂ ಉಪಯೋಗವಿಲ್ಲ. ‘ಪಾವತಿ ಬಟನ್ ಎರಡು ಸಲ ಒತ್ತಿದರೆ ಎರಡು ಸಲ ಹಣ ಹೋಗುತ್ತಿತ್ತು, ಸರ್ವರ್‌ನಲ್ಲಿ ತಡೆ ಹಾಕಿದ್ದೇನೆ, ಕೋಡ್ ಬ್ರಾಂಚ್‌ನಲ್ಲಿದೆ, ಟೆಸ್ಟ್ ಬಾಕಿ’ ಎಂದು ಬರೆದಿದ್ದರೆ ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸುತ್ತಾರೆ. ಸ್ಕ್ರಮ್ ಗೈಡ್ ಕೂಡ 2020ರ ಆವೃತ್ತಿಯಲ್ಲಿ ಸ್ಟ್ಯಾಂಡಪ್‌ನ ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿ ಏನು’ ಎಂಬ ಮೂರು ಪ್ರಶ್ನೆಗಳ ದಿನಚರಿಯನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು.

ಕಾರ್ಡಿನಲ್ಲಿ ಬರೆದದ್ದನ್ನು ಓದದೆ, ಮುಗಿಸಿದ ಪಾಯಿಂಟ್‌ಗಳನ್ನು ಎಣಿಸುವ ವೆಲಾಸಿಟಿ ಚಾರ್ಟ್ ಹಿಡಿದು ಒಂದು ತಂಡವನ್ನು ಇನ್ನೊಂದರ ಜೊತೆ ಹೋಲಿಸುವವರ ಮೇಲಿನ ನನ್ನ ತಕರಾರು ಹಳೆಯದು, ಬಿಡುವ ಮನಸ್ಸಿಲ್ಲ. ಸ್ಟೋರಿ ಪಾಯಿಂಟ್‌ಗಳು ಕೆಲಸದ ಗಾತ್ರದ ಬಗ್ಗೆ ಒಂದು ತಂಡ ತನ್ನೊಳಗೆ ಮಾಡಿಕೊಳ್ಳುವ ಅಂದಾಜು, ಅದರಾಚೆ ಅವಕ್ಕೆ ಬೆಲೆಯಿಲ್ಲ. 2001ರ ಫೆಬ್ರುವರಿಯಲ್ಲಿ ಅಜೈಲ್ ಪ್ರಣಾಳಿಕೆಗೆ ಸಹಿ ಹಾಕಿದ 17 ಮಂದಿಯಲ್ಲಿ ಒಬ್ಬರಾದ ರಾನ್ ಜೆಫ್ರಿಸ್, ಪಾಯಿಂಟ್‌ಗಳನ್ನು ಹುಟ್ಟುಹಾಕಿದ್ದು ಬಹುಶಃ ತಾನೇ ಇರಬೇಕು, ಹಾಗಿದ್ದರೆ ಅದಕ್ಕೆ ವಿಷಾದವಿದೆ ಎಂದು ಬರೆದಿದ್ದಾರೆ. ಆ ಪ್ರಣಾಳಿಕೆಯ ಮೊದಲ ಸಾಲೇ ಸಲಕರಣೆಗಿಂತ ಮನುಷ್ಯರನ್ನು ಮುಂದಿಡುತ್ತದೆ. ಅದನ್ನು ಮತ್ತೆ ಮತ್ತೆ ಓದಬೇಕು.

ನಡುವಿನ ಕಾಲಂಗೆ ಬೇಕಾದದ್ದು ಲಗಾಮು, ಅಂದರೆ ಒಮ್ಮೆಗೆ ಇಷ್ಟೇ ಕಾರ್ಡ್ ಎಂಬ ಮಿತಿ. ಇದನ್ನು ನಮ್ಮ ಕಾಫಿ ತೋಟದವರಿಗೆ ಹೇಳಿಕೊಡಬೇಕಿಲ್ಲ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಬೇಕು, ರಾಶಿ ಬಿದ್ದರೆ ಹುಳಿಯುತ್ತದೆ. ಆದ್ದರಿಂದ ಪಲ್ಪರ್ ಎಷ್ಟು ಎಳೆಯುತ್ತದೋ ನೋಡಿಕೊಂಡು ತೋಟದ ಮೇಲ್ವಿಚಾರಣೆಯ ರೈಟರ್ ಆಳುಗಳನ್ನು ಕೊಯ್ಲಿಗೆ ಬಿಡುತ್ತಾರೆ. ಟೊಯೋಟಾದಲ್ಲಿ ತೈಇಚಿ ಓನೊ ಕಾನ್‌ಬಾನ್ ಕಾರ್ಡಿನಿಂದ ಮಾಡಿಸಿದ್ದೂ ಇದನ್ನೇ: ಮುಂದಿನವರು ಕೇಳಿದಷ್ಟೇ ಹಿಂದಿನವರು ಮಾಡುವುದು.

ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಸೂತ್ರ ಇದಕ್ಕೆ ಲೆಕ್ಕ ಕೊಡುತ್ತದೆ. ವಾರಕ್ಕೆ 4 ಕಾರ್ಡ್ ಮುಗಿಸುವ ತಂಡ 12 ಕಾರ್ಡ್ ತೆರೆದಿಟ್ಟುಕೊಂಡರೆ ಪ್ರತಿಯೊಂದಕ್ಕೂ ಸರಾಸರಿ 3 ವಾರ. ಅದೇ ವೇಗದಲ್ಲಿ 8 ಮಾತ್ರ ತೆರೆದಿಟ್ಟರೆ 2 ವಾರ. ಯಾರೂ ಹೆಚ್ಚು ದುಡಿಯಬೇಕಿಲ್ಲ.

ಜಿರಾ ಬೋರ್ಡಿನ ಸೆಟ್ಟಿಂಗ್‌ನಲ್ಲಿ ಕಾಲಂಗೆ ಗರಿಷ್ಠ ಸಂಖ್ಯೆ ಹಾಕಬಹುದು, ಟ್ರೆಲೊದಲ್ಲಿ ಅದಕ್ಕಾಗಿ ಪವರ್-ಅಪ್ ಎಂಬ ಹೆಚ್ಚುವರಿ ಸೌಲಭ್ಯ ಸೇರಿಸಿಕೊಳ್ಳಬೇಕು. ಮಿತಿ ಮೀರಿದರೆ ಜಿರಾ ಕಾಲಂ ಕೆಂಪಾಗುತ್ತದೆ, ಆದರೆ ಕಾರ್ಡನ್ನು ತಡೆಯುವುದಿಲ್ಲ. ಕೆಂಪಾದ ದಿನ ಹೊಸದನ್ನು ಎಳೆಯದೆ, ರಿವ್ಯೂಗೆ ಕಾದಿರುವ ಹಳೆಯದನ್ನು ತೆಗೆದುಕೊಳ್ಳಿ, ಅದು ಬೇರೆಯವರದ್ದಾದರೂ ಸರಿ.