ರಂಟೆ ಹೊಡೆದವನ ಪಾಲು

ವೇಗದ ಬೌಲರನ ಆಟವನ್ನು ಅಳೆಯುವ ಕೋಲು ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ. ದಾಂಡಿಗನಿಗೆ ಶತಕವಿದೆ, ಸ್ಪಿನ್ ಬೌಲರನಿಗೆ ಚತುರನೆಂಬ ಬಿರುದಿದೆ, ಬಿರುಬಿಸಿಲಲ್ಲಿ ಓಡಿಬಂದು ಮೈಮುರಿಯುವಂತೆ ಚೆಂಡೆಸೆದವನಿಗೆ ಉಳಿಯುವುದು ಒಂದು ಸರಾಸರಿಯ ಅಂಕಿ ಮಾತ್ರ. ಜಾವಗಲ್ ಶ್ರೀನಾಥರ ಹೆಸರು ಬಂದಾಗಲೆಲ್ಲ ಈ ಅಂಕಿಯನ್ನೇ ಮುಂದೆ ಮಾಡಿ, ಅವರು ಒಳ್ಳೆಯ ಬೌಲರೇ ಹೊರತು ದೊಡ್ಡ ಬೌಲರಲ್ಲವೆಂದು ತೀರ್ಪು ಕೊಡುವವರನ್ನು ನಾನು ಬಹಳ ಕಂಡಿದ್ದೇನೆ. ಆ ತೀರ್ಪನ್ನು ಒಮ್ಮೆ ಮರುವಿಚಾರಣೆಗೆ ತರಬೇಕೆಂದು ಈ ನಾಲ್ಕು ಮಾತು.

ಮೊದಲು ಲೆಕ್ಕವನ್ನೇ ನೋಡೋಣ. 67 ಟೆಸ್ಟ್ ಪಂದ್ಯಗಳಲ್ಲಿ 236 ಹುದ್ದರಿ, ಒಂದೊಂದಕ್ಕೆ 30.49 ಓಟ, 229 ಒಂದು ದಿನದ ಪಂದ್ಯಗಳಲ್ಲಿ 315 ಹುದ್ದರಿ. ಅವರು ಆಟ ಬಿಟ್ಟಾಗ ಟೆಸ್ಟಿನಲ್ಲಿ ಭಾರತದ ವೇಗದ ಬೌಲರರ ಪೈಕಿ ಕಪಿಲ ದೇವರೊಬ್ಬರೇ ಅವರಿಗಿಂತ ಮುಂದಿದ್ದರು. ಮೂವತ್ತು ಓಟದ ಸರಾಸರಿ ಜಗತ್ತಿನ ಮೊದಲ ಸಾಲಿನದಲ್ಲ, ಒಪ್ಪಿದೆ. ಆದರೆ ಆ ಮೂವತ್ತು ಓಟಗಳು ಎಲ್ಲಿ, ಯಾವ ನೆಲದಲ್ಲಿ ಹೋದವು ಎಂಬುದನ್ನು ವಿಚಾರಿಸದೆ ಅಂಕಿಯನ್ನು ನಂಬುವುದು, ಹೊಲ ನೋಡದೆ ಬೆಳೆಯ ಲೆಕ್ಕ ಬರೆದಂತೆ.

ಮೈಸೂರಿನಲ್ಲಿ 1969ರಲ್ಲಿ ಹುಟ್ಟಿ, ಅಲ್ಲಿಯೇ ಇಂಜನಿಯರಿಂಗ್ ಓದಿದ ಈ ಎತ್ತರದ ತರುಣ, 1989-90ರಲ್ಲಿ ಕರ್ನಾಟಕದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಹೈದರಾಬಾದಿನ ಎದುರು ಹ್ಯಾಟ್ರಿಕ್ ಸಾಧಿಸಿದ. 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಟಕ್ಕೆ ಇಳಿದ. ಆ ಮೇಲೆ ನಡೆದದ್ದು ವಿಚಿತ್ರ. ತವರಿನ ನೆಲದಲ್ಲಿ ಒಂದು ಟೆಸ್ಟ್ ಆಡಲು ಆತ 1994ರ ನವೆಂಬರಿನವರೆಗೆ ಕಾಯಬೇಕಾಯಿತು. ನಮ್ಮ ಅಂಕಣಗಳು ಸ್ಪಿನ್ನಿಗಾಗಿ ಸಿದ್ಧವಾಗುತ್ತಿದ್ದವು. ಕುಂಬ್ಳೆ, ರಾಜು, ಚೌಹಾಣರು ಪಂದ್ಯ ಗೆಲ್ಲಿಸುತ್ತಿದ್ದರು. ಹೊಸ ಚೆಂಡಿನ ಹೊಳಪು ತೆಗೆಯಲು ಕಪಿಲ, ಪ್ರಭಾಕರರು ಸಾಕಾಗಿದ್ದರು. ವೇಗದ ಬೌಲರನ ಆಯುಷ್ಯ ಚಿಕ್ಕದು. ಆ ಮೂರು ವರ್ಷಗಳನ್ನು ಯಾವ ಸರಾಸರಿಯೂ ತೋರಿಸುವುದಿಲ್ಲ.

ಅದೇ ತೋಳು 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ದುಡಿದಾಗ ಒಂದೇ ಬೇಸಗೆಯಲ್ಲಿ 87 ಹುದ್ದರಿ ಕೆಡವಿತು. ನೆಲ ಬದಲಾದರೆ ಲೆಕ್ಕ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಎಲ್ಲ ತಪ್ಪನ್ನೂ ನೆಲದ ಮೇಲೆ ಹೊರಿಸಿದರೆ ಅದು ವಿಮರ್ಶೆಯಾಗದು, ಅಭಿಮಾನವಾದೀತು. ಶ್ರೀನಾಥರ ಬೌಲಿಂಗಿನಲ್ಲಿ ಒಂದು ಕೊರತೆ ಬಹುಕಾಲ ಇತ್ತು. ಒಳಕ್ಕೆ ನುಗ್ಗುವ ಚೆಂಡು ಅವರಿಗೆ ಹುಟ್ಟಿನಿಂದ ಬಂದದ್ದು. ಅದನ್ನು ಅವರು ಮೊದಲ ವರ್ಷಗಳಲ್ಲಿ ಒಂದು ಗೇಣು ಗಿಡ್ಡಾಗಿಯೇ ಹಾಕುತ್ತಿದ್ದರು. ದಾಂಡಿಗ ತಡವರಿಸುತ್ತಿದ್ದ, ಬ್ಯಾಟು ತಪ್ಪುತ್ತಿತ್ತು, ಚೆಂಡು ಕೀಪರನ ಕೈ ಸೇರುತ್ತಿತ್ತು. ನೋಡುವವರು 'ಅಯ್ಯೋ' ಎನ್ನುತ್ತಿದ್ದರು. ಇದನ್ನು ದುರದೃಷ್ಟವೆಂದು ಬರೆದವರೇ ಹೆಚ್ಚು. ನನಗೆ ಹಾಗೆನಿಸುವುದಿಲ್ಲ. ಬ್ಯಾಟಿನ ಅಂಚನ್ನು ದಾಟಿ ಹೋಗುವ ಚೆಂಡು ಸುಂದರ. ಅಂಚನ್ನು ಸವರುವ ಚೆಂಡು ಫಲಕಾರಿ. ಇವೆರಡರ ನಡುವಿನ ಅಂತರ ಒಂದು ಗೇಣು ಮಾತ್ರ.

ಆ ಗೇಣನ್ನು ಅವರು ದಾಟಿದ ದಿನಗಳೂ ಇವೆ. 1996ರ ನವೆಂಬರಿನ ಅಹಮದಾಬಾದ್ ಪಂದ್ಯವನ್ನು ನೆನೆಯಿರಿ. ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದದ್ದು 170 ಓಟ. ತಂಡ 105ಕ್ಕೆ ಮುಗಿಯಿತು. ಶ್ರೀನಾಥರ ಪಾಲು 21 ಓಟಕ್ಕೆ ಆರು ಹುದ್ದರಿ. ಸ್ಪಿನ್ನಿನ ನೆಲವೆಂದು ಹೆಸರಾದ ನಾಡಿನಲ್ಲಿ ವೇಗವೇ ಪಂದ್ಯ ಗೆದ್ದುಕೊಟ್ಟಿತು. ದುರ್ದೈವವೆಂದರೆ, ಮರುವರ್ಷವೇ ಭುಜದ ನೋವು ಶಸ್ತ್ರಚಿಕಿತ್ಸೆಗೆ ಎಳೆಯಿತು. ಮರಳಿ ಬಂದ ಶ್ರೀನಾಥರು ಮೊದಲಿನ ರಭಸವನ್ನೇ ನೆಚ್ಚದೆ ನಿಖರತೆಯನ್ನು ಹೆಚ್ಚಿಸಿಕೊಂಡರು.

1999ರ ಫೆಬ್ರುವರಿಯ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮನುಷ್ಯನ ಇಡೀ ಕಥೆ ತಿಳಿಯುತ್ತದೆ. ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ಹುದ್ದರಿಗಳನ್ನು ಕುಂಬ್ಳೆ ಕೆಡವಿದ್ದರು. ಹತ್ತನೆಯದೂ ಅವರಿಗೇ ದಕ್ಕಲೆಂದು ಶ್ರೀನಾಥರು ತಮ್ಮ ಓವರಿನಲ್ಲಿ ಚೆಂಡನ್ನು ಬೇಕೆಂದೇ ದೂರ ಎಸೆದರು. ಕುಂಬ್ಳೆಯವರ 74ಕ್ಕೆ ಹತ್ತು ಚರಿತ್ರೆಗೆ ಸೇರಿತು. ಶ್ರೀನಾಥರ ಲೆಕ್ಕಕ್ಕೆ ಸೇರಿದ್ದು ವೈಡ್‌ಗಳು. ಕೆಲವೇ ದಿನಗಳ ನಂತರ ಕಲ್ಕತ್ತೆಯಲ್ಲಿ ಅದೇ ಪಾಕಿಸ್ತಾನದ ಎದುರು ಮೊದಲ ಸರದಿಯಲ್ಲಿ 46ಕ್ಕೆ ಐದು, ಎರಡನೆಯದರಲ್ಲಿ 86ಕ್ಕೆ ಎಂಟು: ಒಟ್ಟು ಹದಿಮೂರು ಹುದ್ದರಿ. ಅವರ ಟೆಸ್ಟ್ ಬಾಳಿನಲ್ಲಿ ಒಂದು ಪಂದ್ಯಕ್ಕೆ ಹತ್ತರ ಮೇಲೆ ಸಿಕ್ಕಿದ್ದು ಅದೊಂದೇ ಸಲ. ಭಾರತ 46 ಓಟಗಳಿಂದ ಸೋತಿತು. ಸಚಿನರು ರನೌಟಾದ ಬಗೆ, ಪ್ರೇಕ್ಷಕರ ಗದ್ದಲ, ಖಾಲಿ ಮಾಡಿಸಿದ ಗ್ಯಾಲರಿ, ಇವು ಇಂದಿಗೂ ಜನರ ಬಾಯಲ್ಲಿವೆ. ಹದಿಮೂರು ಹುದ್ದರಿಗಳ ಮಾತು ತೆಗೆಯುವವರು ವಿರಳ.

ಕೊನೆಯೂ ಹಾಗೆಯೇ. 2003ರ ವಿಶ್ವಕಪ್ಪಿನಲ್ಲಿ 16 ಹುದ್ದರಿ ಪಡೆದು ತಂಡವನ್ನು ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯಕ್ಕೆ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ಆದರೆ ನೆನಪಿನಲ್ಲಿ ಉಳಿದದ್ದು ಆ ಅಂತಿಮ ದಿನ ಹತ್ತು ಓವರುಗಳಲ್ಲಿ ಅವರು ತೆತ್ತ 87 ಓಟ.

ನಮ್ಮ ದೇವಿಕೊಪ್ಪ ಕಲಘಟಗಿ ತಾಲೂಕಿನ ಹಳ್ಳಿ. ಇಲ್ಲಿ ಒಕ್ಕಲುತನದ ಕ್ರಮ ಎಲ್ಲರಿಗೂ ಗೊತ್ತು: ಮೊದಲು ರಂಟೆ, ಆ ಮೇಲೆ ಕುಂಟೆ, ಆ ಮೇಲೆ ಕೂರಿಗೆ. ಗಟ್ಟಿ ನೆಲವನ್ನು ಸೀಳುವ ಕೆಲಸ ರಂಟೆಯದು; ರಾಶಿಯ ದಿನ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಕಟಾವಾದ ಗದ್ದೆಯಲ್ಲಿ ಆಡುವ ಹುಡುಗರನ್ನು ನೋಡುತ್ತೇನೆ. ಎಲ್ಲರಿಗೂ ಬ್ಯಾಟೇ ಬೇಕು. ಬ್ಯಾಟು ಸಿಗದವನು ಎರಡು ಹೆಜ್ಜೆ ಹಾಕಿ ಚೆಂಡು ತಿರುಗಿಸುತ್ತಾನೆ. ನೆರೆಯ ಗದಗಿನ ಸುನೀಲ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಐದು ಹುದ್ದರಿಗಳನ್ನು ಆರು ಓಟಕ್ಕೆ ಕೆಡವಿದ್ದು ಇಂಥ ತಿರುವಿನಿಂದಲೇ. ಅದು ಹೆಮ್ಮೆಯ ಮಾತು. ಆದರೆ ದೂರದಿಂದ ಓಡಿಬರುವ ಹುಡುಗ ಅಪರೂಪ. ಅವನಿಗೆ ನಾವು ಏನು ಕೊಡುತ್ತೇವೆ? ಮೆತ್ತನೆಯ ನೆಲ, ಬೆಂಚಿನ ಮೇಲೆ ಮೂರು ವರ್ಷ, ಕೊನೆಗೊಂದು ಸರಾಸರಿ.

2006ರಿಂದ ಶ್ರೀನಾಥರು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯ ಕೆಲಸ ಹಿಡಿದರು. ಬೇರೆಯವರ ಆಟದ ತಪ್ಪು ಒಪ್ಪುಗಳನ್ನು ತೂಗುವ ಕೆಲಸವದು. ಅವರ ಆಟವನ್ನು ತೂಗುವಾಗ ನಾವೂ ಅಷ್ಟೇ ನ್ಯಾಯವಂತರಾಗಬೇಕು. ಶ್ರೀನಾಥರು ಜಗತ್ತಿನ ಅತ್ಯಂತ ದೊಡ್ಡ ಬೌಲರಲ್ಲದಿರಬಹುದು. ಆದರೆ ವೇಗಕ್ಕೆ ಒಲಿಯದ ನೆಲದಲ್ಲಿ ಹನ್ನೆರಡು ವರ್ಷ ವೇಗವನ್ನು ಬಿತ್ತಿದರು. ಅವರ ನಂತರ ಬಂದವರು ತೆಗೆದ ಬೆಳೆಯಲ್ಲಿ ಒಂದು ಪಾಲು ಅವರದು. ಲೆಕ್ಕ ಬರೆಯುವವರು ಅದನ್ನೂ ಸೇರಿಸಿ ಬರೆಯಲಿ.