ಕಡಕೋಳದ ತತ್ತ್ವಪದಗಳು: ನೋಡುವವರೂ ಕೇಳುವವರೂ

ಪರಸ್ಥಳದಿಂದ ಬಂದವನು ಒಂದು ನಾಡಿನ ಸಂಸ್ಕೃತಿಯನ್ನು ಹೇಗೆ ಅರಿಯಬೇಕೆಂಬುದು ಪ್ರವಾಸಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ವಸ್ತುತಃ ಅದು ವಿಮರ್ಶಕನ ಪ್ರಶ್ನೆಯೂ ಹೌದು. ತಾನು ಹುಟ್ಟಿ ಬೆಳೆಯದ ಪರಂಪರೆಯನ್ನು ಕುರಿತು ತೀರ್ಪು ಹೇಳುವ ವಿಮರ್ಶಕನು ಆ ಮನೆಗೆ ಬಂದ ಅತಿಥಿಯೇ ಸರಿ. ಐರ್ಲೆಂಡಿನ ನಾಟಕಕಾರ ಜೆ. ಎಂ. ಸಿಂಗ್ 1898ರಲ್ಲಿ ಮೊದಲ ಬಾರಿಗೆ ಅರಾನ್ ದ್ವೀಪಗಳಿಗೆ ಹೋದನು. ಅಲ್ಲಿ ಪ್ರಾಚೀನ ಕೋಟೆಗಳುಂಟು, ಪಾಳುಬಿದ್ದ ಆರಾಧನಾಸ್ಥಾನಗಳುಂಟು. ಆದರೆ ಅವನ ಬರವಣಿಗೆಗೆ ಜೀವ ತುಂಬಿದುದು ಆ ಕಲ್ಲುಗಳಲ್ಲ. ಮರಳಿ ಮರಳಿ ಅಲ್ಲಿಗೆ ಹೋಗಿ, ಐರಿಷ್ ಭಾಷೆಯನ್ನು ರೂಢಿಸಿಕೊಂಡು, ದ್ವೀಪವಾಸಿಗಳ ಬಾಯಿಂದ ಕೇಳಿದ ಕಥೆಗಳು. ನೋಡುವವನಾಗಿ ಹೋದವನು ಕೇಳುವವನಾದುದರಲ್ಲಿ ನಮಗೂ ಒಂದು ಪಾಠವಿದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಬರುವ ಯಾತ್ರಿಕನಿಗೆ ನೋಡತಕ್ಕವು ಬೇಕಾದಷ್ಟಿವೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆಯು ಭೀಮೆಯನ್ನು ಕೂಡುವಲ್ಲಿ ಗಾಣಗಾಪುರದ ದತ್ತಕ್ಷೇತ್ರ. ಗಾಣಗಾಪುರದ ಮಹಿಮೆಯನ್ನು ಹೇಳುವ 'ಗುರುಚರಿತ್ರೆ' ಮರಾಠಿಯದು. ಊರಿನ ಮಾತು ಕನ್ನಡ. ಆಳಂದದ ದರ್ಗಾದ ಆವರಣದಲ್ಲಿ ರಾಘವಚೈತನ್ಯರ ಹೆಸರಿನ ಶಿವಲಿಂಗವುಂಟು. 2022ರಲ್ಲಿ ಅದರ ಪೂಜೆಯನ್ನು ಕುರಿತು ಕಲಹವೆದ್ದು, ವಿಷಯವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕಣ್ಣಿಗೆ ಕಾಣುವ ಪರಂಪರೆಯು ಹೀಗೆ ಬೇಗನೆ ಒಡೆತನದ ಪ್ರಶ್ನೆಯಾಗಿಬಿಡುತ್ತದೆ. ಕಿವಿಗೆ ಬೀಳುವ ಪರಂಪರೆಗೆ ಅಷ್ಟು ಸುಲಭವಾಗಿ ಬೇಲಿ ಹಾಕಲಾಗದು. ಈ ನಾಡಿನ ತತ್ತ್ವಪದಗಳೇ ಇದಕ್ಕೆ ಸಾಕ್ಷಿ.

ಕಡಕೋಳ ಮಡಿವಾಳಪ್ಪನವರು ಹುಟ್ಟಿದುದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ. ನೆಲೆ ನಿಂತುದು ಬಹುಕಾಲ ಜೇವರ್ಗಿ ತಾಲೂಕಿನಲ್ಲಿದ್ದು ಈಚೆಗೆ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದಲ್ಲಿ. ಚನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಮೊದಲಾದವರು ಅವರ ಶಿಷ್ಯರು, ಸ್ವತಃ ಪದಕಾರರು. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು, ಜಾತಿಮತಗಳ ಗೆರೆಯನ್ನು ದಾಟಿದ ಬಳಗವೊಂದು ಕಣ್ಣಮುಂದೆ ನಿಲ್ಲುತ್ತದೆ. ಮಡಿಮೈಲಿಗೆಗಳನ್ನು ಮಡಿವಾಳಪ್ಪನವರು ಪದಗಳಲ್ಲಿ ಮಾತ್ರ ಹಳಿದುದಲ್ಲ, ತಮ್ಮ ಶಿಷ್ಯಬಳಗದಲ್ಲಿಯೂ ತೊರೆದರು.

ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇಂತಹವರಿಗೆ ದೊರೆತಿರುವ ಸ್ಥಳ ಅತ್ಯಲ್ಪ. ವಚನವು ಹನ್ನೆರಡನೆಯ ಶತಮಾನದಲ್ಲಿ ಅರಳಿತು, ಅನಂತರದ್ದು ಅನುಕರಣೆಯೆಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ. ಆದರೆ ಜೇವರ್ಗಿಯ ಷಣ್ಮುಖಸ್ವಾಮಿಗಳು 'ಅಖಂಡೇಶ್ವರ' ಅಂಕಿತದಲ್ಲಿ ವಚನಗಳನ್ನು ರಚಿಸಿದುದು ಹದಿನೇಳನೆಯ ಶತಮಾನದಲ್ಲಿ. ಬಸವಣ್ಣನವರ ತರುವಾಯ ಐದು ಶತಮಾನಗಳು ಕಳೆದರೂ ಈ ನೆಲದಲ್ಲಿ ಆ ವಾಣಿ ಬತ್ತಿರಲಿಲ್ಲ. ಮಡಿವಾಳಪ್ಪನವರಲ್ಲಿ ಅದು ಹಾಡಾಗಿ ಮುಂದುವರಿಯಿತೆನ್ನುವುದು ಹೆಚ್ಚು ಸಮಂಜಸ.

ತತ್ತ್ವಪದಗಳ ಮೇಲೆ ಸಾಮಾನ್ಯವಾಗಿ ಮೂರು ಆಕ್ಷೇಪಗಳುಂಟು: ಪುನರುಕ್ತಿ, ಛಂದಸ್ಸಿನ ಶೈಥಿಲ್ಯ, ಮಿಶ್ರಭಾಷೆ. ಮೂರೂ ಮುದ್ರಿತ ಪುಟವನ್ನು ನೋಡಿ ಹುಟ್ಟಿದ ಆಕ್ಷೇಪಗಳು. ಅಮಾವಾಸ್ಯೆಯ ಇರುಳಿನ ಭಜನೆಯಲ್ಲಿ ಏಕತಾರಿಯ ಶ್ರುತಿಗೆ ಒಬ್ಬನು ನುಡಿಯನ್ನೆತ್ತಿ, ಉಳಿದವರು ಪಲ್ಲವಿಯನ್ನು ಮರಳಿಸುವಾಗ ಪುನರುಕ್ತಿಯು ದೋಷವಾಗದೆ, ಒಗಟಿನಂತಹ ಮಾತನ್ನು ಮನಸ್ಸು ಬಿಡಿಸಿಕೊಳ್ಳಲು ದೊರೆಯುವ ಬಿಡುವಾಗುತ್ತದೆ. ಕಾಗದದ ಮೇಲೆ ಕುಂಟುವ ಸಾಲನ್ನು ತಾಳವು ನೇರಗೊಳಿಸುತ್ತದೆ. ಇನ್ನು ಮಿಶ್ರಭಾಷೆಯ ಮಾತು. ಕನ್ನಡ, ಮರಾಠಿ, ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯಲ್ಲಿ ಶುದ್ಧಭಾಷೆಯನ್ನು ಬಯಸುವ ಸಂಪಾದಕನು ಪದಗಳನ್ನು ತಿದ್ದುವುದಿಲ್ಲ, ಅವುಗಳ ಊರನ್ನೇ ಅಳಿಸುತ್ತಾನೆ.

ಹಾಗೆಂದು ಹಾಡಿದುದೆಲ್ಲವೂ ಕಾವ್ಯವೆಂದು ಒಪ್ಪಬೇಕಾಗಿಲ್ಲ. ಷಟ್‌ಚಕ್ರ, ಇಡಾಪಿಂಗಳೆಗಳ ಪರಿಭಾಷೆಯನ್ನು ಜೋಡಿಸಿದುದಷ್ಟರಲ್ಲೇ ಮುಗಿಯುವ ಪದಗಳು ಈ ಪರಂಪರೆಯಲ್ಲಿ ಹೇರಳವಾಗಿವೆ. ಯಾವ ಕಂಠವೂ ಅವುಗಳಿಗೆ ಅರ್ಥವನ್ನು ತಂದುಕೊಡಲಾರದು. ಮೇಲಾಗಿ ಬಾಯಿಂದ ಬಾಯಿಗೆ ಸಾಗುವಾಗ ನುಡಿಗಳು ಬದಲಾಗುತ್ತವೆ, ಒಬ್ಬರ ಪದಕ್ಕೆ ಮತ್ತೊಬ್ಬರ ಅಂಕಿತ ಅಂಟಿಕೊಳ್ಳುತ್ತದೆ. ಆದುದರಿಂದ ಗ್ರಂಥಸಂಪಾದನೆಯ ಶಿಸ್ತು ಬೇಕೇ ಬೇಕು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಹೊರತಂದಿರುವ ಸಮಗ್ರ ತತ್ತ್ವಪದ ಸಂಪುಟಗಳು ಈ ದಿಕ್ಕಿನಲ್ಲಿ ಮಹತ್ತ್ವದ ಕಾರ್ಯ. ಆದರೆ ಸಂಪುಟವು ಕೈಗೆ ಬಂದಿತೆಂದು ಕಿವಿಯನ್ನು ಮುಚ್ಚಿಕೊಳ್ಳುವಂತಿಲ್ಲ. ಪಾಠಾಂತರವೆಂದು ಅಡಿಯಲ್ಲಿ ಗುರುತಿಸುವ ರೂಪವು ಎಷ್ಟೋ ಸಲ ಬೇರೊಂದು ಊರಿನ ಭಜನಾಮಂಡಳಿಯ ಜೀವಂತ ಪಾಠವಾಗಿರುತ್ತದೆ.

ಕಾಲೇಜಿನ ತರಗತಿಯಲ್ಲಿ ತತ್ತ್ವಪದವನ್ನು ಬೋಧಿಸುವ ಅಧ್ಯಾಪಕರು ಅದನ್ನು ಅರ್ಥಕ್ಕೆ ಮುನ್ನ ಹಾಡಿಸುವುದು, ಸಾಧ್ಯವಿದ್ದರೆ ಹಾಡುವವರನ್ನೇ ಕರೆಸುವುದು ಯುಕ್ತ. ಊರೂರಿಗೆ ಹೋಗುವ ವಿದ್ಯಾರ್ಥಿಯು ಚಿತ್ರ ತೆಗೆದುಕೊಂಡು ಅಂದೇ ಮರಳದೆ, ಒಂದು ರಾತ್ರಿ ಭಜನೆಯವರ ನಡುವೆ ಕುಳಿತು ಬರಲಿ. ಗುಡಿ ಯಾರದು, ಗೋರಿ ಯಾರದು ಎಂಬ ವಾದವು ಹಗಲೆಲ್ಲ ನಡೆದೀತು. ರಾತ್ರಿ ಮಡಿವಾಳಪ್ಪನವರ ಪದವಾದ ಮೇಲೆ ಜಲಾಲಸಾಹೇಬರ ಪದವನ್ನು ಎತ್ತಿಕೊಳ್ಳುವ ಹಾಡುಗಾರನಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ವಿಮರ್ಶೆಯು ಮೊದಲು ಕಲಿಯಬೇಕಾದುದು ಅವನಿಂದ.